ದೊಡ್ಡ ಸಿಸ್ಟರ್ ಹೊಗಳಿದವರು

ಆ ಆಸ್ಪತ್ರೆಗೆ ಒಬ್ಬರು ದೊಡ್ಡ ಡಾಕ್ಟರು, ಒಬ್ಬರು ದೊಡ್ಡ ಸಿಸ್ಟರ್. ದೊಡ್ಡ ಡಾಕ್ಟರು ಕಟ್ಟಡದ ಮಾಲೀಕರು, ಒಳಗಿರುವ ಯಂತ್ರಗಳ ಮಾಲೀಕರು, ಹೊರಗೆ ನಿಲ್ಲುವ ಆಂಬುಲೆನ್ಸಿನ ಮಾಲೀಕರು. ದೊಡ್ಡ ಸಿಸ್ಟರ್ ಯಾವುದರ ಮಾಲೀಕರೂ ಅಲ್ಲ. ಆದರೆ ಅವರು ಜ್ವರ ಬಂದು ಮನೆಯಲ್ಲಿ ಮಲಗಿದ ದಿನ ಕಟ್ಟಡ, ಯಂತ್ರ, ಆಂಬುಲೆನ್ಸು ಎಲ್ಲವೂ ಕಣ್ಣು ಕಣ್ಣು ಬಿಡುತ್ತಿದ್ದವು, ದೊಡ್ಡ ಡಾಕ್ಟರೂ ಸೇರಿ. ನರ್ಸುಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಅವರಿಗೆ ಕಲಿಸುವುದು, ಯಾರಿಗೆ ಯಾವ ವಾರ್ಡು, ಯಾರಿಗೆ ಯಾವ ಪಾಳಿ ಎಂದು ಹಂಚುವುದು, ಅತ್ತವರಿಗೆ ನೀರು ಕುಡಿಸುವುದು, ನಗುವವರನ್ನು ಗದರಿಸುವುದು, ಇವೆಲ್ಲ ದೊಡ್ಡ ಸಿಸ್ಟರ ತಲೆಯ ಮೇಲಿದ್ದವು. ಕುಳ್ಳಗೆ, ದಪ್ಪಗೆ, ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ಬಿಟ್ಟುಕೊಂಡು, ರಬ್ಬರ್ ಚಪ್ಪಲಿಯಲ್ಲಿ ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಲ್ಲುವ ಹೆಂಗಸು. ಹೊಸ ನರ್ಸುಗಳು ಮೊದಲು ಕಲಿಯುತ್ತಿದ್ದ ವಿದ್ಯೆ ಇಂಜೆಕ್ಷನ್ ಕೊಡುವುದಲ್ಲ, ಬೆನ್ನಲ್ಲೂ ಕಣ್ಣು ಇಟ್ಟುಕೊಳ್ಳುವುದು.

ದೊಡ್ಡ ಸಿಸ್ಟರ್ ಬೈಯುವುದರಲ್ಲಿ ಎಷ್ಟು ಧಾರಾಳಿಯೋ ಹೊಗಳುವುದರಲ್ಲಿ ಅಷ್ಟೇ ಜಿಪುಣಿ. ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಮೆಚ್ಚುಗೆ ಎಂದರೆ ‘ಪರವಾಗಿಲ್ಲ’. ಅದೂ ಮುಖ ಬೇರೆ ಕಡೆ ತಿರುಗಿಸಿಕೊಂಡು. ಅವರ ಕೈಕೆಳಗೆ ಪಳಗಿದವರಿಗೆ ಇದು ಗೊತ್ತಿತ್ತು, ‘ಪರವಾಗಿಲ್ಲ’ ಸಿಕ್ಕ ದಿನ ಊಟದ ಕೋಣೆಯಲ್ಲಿ ಕುಣಿಯುತ್ತಿದ್ದರು. ಹೊಸಬರಿಗೆ ಗೊತ್ತಿರಲಿಲ್ಲ, ಅವರು ಬಚ್ಚಲಿಗೆ ಹೋಗಿ ಅಳುತ್ತಿದ್ದರು.

ಇಷ್ಟೆಲ್ಲ ಬೈದು ಬೆಳೆಸಿದ ನರ್ಸುಗಳು ಏನಾಗುತ್ತಿದ್ದರು ಎಂದರೆ, ರಸ್ತೆ ದಾಟುತ್ತಿದ್ದರು. ರಸ್ತೆಯ ಆಚೆ ಬದಿಗೆ ಇನ್ನೊಂದು ಆಸ್ಪತ್ರೆ ಎದ್ದಿತ್ತು. ತುಂಬ ಗಾಜು, ಕೆಳಗೆ ಕಾಫಿ ಅಂಗಡಿ, ರೋಗಿಗಳು ಹತ್ತಿರ ಬಂದರೆ ತಾನಾಗಿ ತೆರೆದುಕೊಳ್ಳುವ ಬಾಗಿಲು. ಹುಡುಗಿಯರು ಬಡಪಾಯಿಗಳಂತೆ ಇಲ್ಲಿಗೆ ಬಂದು, ಸೂಜಿ ಹಿಡಿಯಲು ಕಲಿತು, ಡಾಕ್ಟರಿಗೆ ಎದುರು ಮಾತಾಡುವ ಧೈರ್ಯ ಬರುವ ಹೊತ್ತಿಗೆ ಸರಿಯಾಗಿ ಕಂಬಿ ಕೀಳುತ್ತಿದ್ದರು. ನಗರಸಭೆಯವರು ರೋಗಿಗಳಿಗೆ ಅನುಕೂಲವಾಗಲಿ ಎಂದು ಎರಡೂ ಆಸ್ಪತ್ರೆಗಳ ನಡುವೆ ಬಿಳಿ ಪಟ್ಟೆ ಬಳಿದುಕೊಟ್ಟಿದ್ದರು. ರೋಗಿಗಳು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಅದು ಪೂರ್ತಿ ನರ್ಸುಗಳ ಉಪಯೋಗಕ್ಕೇ ಬಂತು.

ಆಚೆ ಆಸ್ಪತ್ರೆಯಲ್ಲಿ ನರ್ಸುಗಳನ್ನು ನೇಮಿಸಿಕೊಳ್ಳುವವಳು ಕೂಡ ದೊಡ್ಡ ಸಿಸ್ಟರ ಹಳೆಯ ಶಿಷ್ಯೆಯೇ. ಇಲ್ಲಿದ್ದಾಗ ಅವಳನ್ನು ಎಲ್ಲರೂ ಚಿನಕುರಳಿ ಎನ್ನುತ್ತಿದ್ದರು, ಬಾಯಿ ಹಾಗಿತ್ತು. ರಸ್ತೆ ದಾಟಿದ ಮೇಲೆ ಅವಳಿಗೆ ಒಂದು ಗಾಜಿನ ಕೋಣೆ ಕೊಟ್ಟಿದ್ದರು, ಬಾಯಿ ಮಾತ್ರ ಹಾಗೇ ಇತ್ತು. ಯಾವುದೇ ನರ್ಸನ್ನು ತೆಗೆದುಕೊಳ್ಳುವ ಮೊದಲು ಅವಳು ದೊಡ್ಡ ಸಿಸ್ಟರಿಗೆ ಫೋನ್ ಮಾಡಿ, “ಅಕ್ಕಾ, ಹೇಗಿದ್ದಾಳೆ ಇವಳು?” ಎಂದು ಕೇಳುತ್ತಿದ್ದಳು. ಮನೆಗೆ ಕನ್ನ ಹಾಕುವ ಮೊದಲು ಯಜಮಾನರನ್ನೇ ಎಬ್ಬಿಸಿ ಬೀರು ಎಲ್ಲಿದೆ ಎಂದು ಕೇಳುವ ಗೌರವ ಅವಳಿಗಿತ್ತು. ದೊಡ್ಡ ಸಿಸ್ಟರ್ ಸುಳ್ಳು ಹೇಳಲು ಬಾರದ ಹೆಂಗಸಾದ್ದರಿಂದ ಇದ್ದದ್ದು ಇದ್ದಹಾಗೆ ಹೇಳುತ್ತಿದ್ದರು, ಹೇಳಿ ಫೋನ್ ಇಟ್ಟ ಮೇಲೆ ತಮ್ಮ ಹಣೆ ತಾವೇ ಚಚ್ಚಿಕೊಳ್ಳುತ್ತಿದ್ದರು.

ಈ ಸೋರುವಿಕೆಯನ್ನು ನಿಲ್ಲಿಸಲೆಂದು ದೊಡ್ಡ ಡಾಕ್ಟರು ಒಬ್ಬ ಎಚ್‌ಆರ್ ಸಾಹೇಬರನ್ನು ಕರೆಸಿದರು. ಅವರು ಹಿಂದೆ ಬಿಸ್ಕತ್ತು ಕಾರ್ಖಾನೆಯಲ್ಲಿದ್ದವರು. ಬಿಸ್ಕತ್ತುಗಳು ಕೆಲಸ ಬಿಟ್ಟು ಹೋಗುವುದಿಲ್ಲವಾದ್ದರಿಂದ ಅವರಿಗೆ ಆತ್ಮವಿಶ್ವಾಸ ಚೆನ್ನಾಗಿತ್ತು. ಬಂದವರೇ ‘ರಿಟೆನ್ಷನ್’, ಅಂದರೆ ಇದ್ದವರನ್ನು ಉಳಿಸಿಕೊಳ್ಳುವುದು, ಎಂಬ ಮಾತನ್ನು ಹಿಡಿದುಕೊಂಡರು. ಮೊದಲು ನರ್ಸುಗಳ ಹುಟ್ಟುಹಬ್ಬಕ್ಕೆ ಕೇಕು ತರಿಸಿದರು. ಹುಟ್ಟಿದವಳು ವಾರ್ಡಿನಲ್ಲಿ ಬೆಡ್‌ಪ್ಯಾನ್ ಹಿಡಿದು ಓಡಾಡುತ್ತಿರುವಾಗ ಡಾಕ್ಟರುಗಳು ಕೇಕು ತಿಂದು ಕೈ ತೊಳೆದುಕೊಂಡರು. ಆಮೇಲೆ ನರ್ಸುಗಳ ಆಯಾಸ ಕಳೆಯುವುದಕ್ಕೆಂದು ಒಂದು ಉಪನ್ಯಾಸ ಇಟ್ಟರು, ಪಾಳಿ ಮುಗಿದ ಮೇಲೆ, ಕಡ್ಡಾಯ ಹಾಜರಿ. ಬೆಳಗಿನಿಂದ ನಿಂತು ಕಾಲು ಊದಿಸಿಕೊಂಡವರು, ನೆಮ್ಮದಿಯಿಂದ ಬದುಕುವುದು ಹೇಗೆಂದು ಕೂತು ಕೇಳಿ, ಕೊನೆಯ ಬಸ್ಸು ತಪ್ಪಿಸಿಕೊಂಡು ನಡೆದುಕೊಂಡು ಮನೆಗೆ ಹೋದರು. ಆ ತಿಂಗಳು ಇನ್ನೂ ನಾಲ್ಕು ಜನ ರಸ್ತೆ ದಾಟಿದರು.

ಕೊನೆಗೆ ಸಾಹೇಬರ ತಲೆಗೆ ಬೋರ್ಡು ಹೊಳೆಯಿತು. ಕೆಳಗಿನ ಹಾಲಿನಲ್ಲಿ, ಲಿಫ್ಟಿನ ಪಕ್ಕ, ಬಂದವರಿಗೆಲ್ಲ ಎದ್ದು ಕಾಣುವ ಗೋಡೆಯ ಮೇಲೆ ಒಂದು ಚೆಂದದ ಬೋರ್ಡು. ಮೇಲೆ ‘ತಿಂಗಳ ತಾರೆ’ ಎಂಬ ಅಕ್ಷರ, ಸುತ್ತ ಮಿಣಮಿಣ ದೀಪ. ಪ್ರತಿ ತಿಂಗಳೂ ಒಬ್ಬ ಒಳ್ಳೆಯ ನರ್ಸಿನ ದೊಡ್ಡ ಫೋಟೋ, ಅವಳು ಯಾವ ವಾರ್ಡಿನವಳು, ಯಾವ ಕೆಲಸದಲ್ಲಿ ಎತ್ತಿದ ಕೈ, ಎಲ್ಲ ವಿವರವಾಗಿ ಕೆಳಗೆ. “ಮನುಷ್ಯರಿಗೆ ಬೇಕಾಗಿರೋದು ಮನ್ನಣೆ. ಮನ್ನಣೆ ಸಿಕ್ರೆ ಯಾರೂ ಎಲ್ಲಿಗೂ ಹೋಗಲ್ಲ” ಎಂದರು ಸಾಹೇಬರು. ಯಾರನ್ನು ತಾರೆ ಮಾಡಬೇಕು ಎಂದು ಆರಿಸುವ ಕೆಲಸ ದೊಡ್ಡ ಸಿಸ್ಟರಿಗೆ ಬಂತು. ಅವರು ಆಪರೇಷನ್ ಥಿಯೇಟರಿನ ಅತ್ಯುತ್ತಮ ನರ್ಸನ್ನು ಆರಿಸಿದರು. ಫೋಟೋ ಏರಿತು, ಚಪ್ಪಾಳೆ ಬಿತ್ತು, ಆ ತಿಂಗಳು ಮುಗಿಯುವುದರೊಳಗೆ ತಾರೆ ಆಚೆ ಬದಿಯ ಆಕಾಶಕ್ಕೆ ಹೋಗಿ ಮಿನುಗತೊಡಗಿತು. ಮುಂದಿನ ತಿಂಗಳ ತಾರೆಯೂ ಹೋಯಿತು. ಅದರ ಮುಂದಿನದೂ.

ಸಾಹೇಬರು ಇದನ್ನು ಕಾಕತಾಳೀಯ ಎಂದರು. ದೊಡ್ಡ ಸಿಸ್ಟರಿಗೆ ಆ ಮಾತಿನ ಮೇಲೆ ನಂಬಿಕೆಯಿರಲಿಲ್ಲ. ಒಂದು ದಿನ ರೋಗಿಗಳನ್ನು ನೋಡಲು ನೆಂಟರು ಬರುವ ಹೊತ್ತಿನಲ್ಲಿ ಅವರು ಹಾಲಿಗೆ ಇಳಿದು ಬಂದಾಗ ಲಿಫ್ಟಿನ ಮುಂದೆ ಹಣ್ಣಿನ ಚೀಲ ಹಿಡಿದ ಒಬ್ಬಳು ನಿಂತಿದ್ದಳು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಹಣ್ಣಿನ ಚೀಲದವಳು ಅಲ್ಲಾಡಲಿಲ್ಲ. ಬಾಯಲ್ಲಿ ಗುಣುಗುಣು ಮಾಡಿಕೊಂಡು ಬೋರ್ಡು ಓದುತ್ತಿದ್ದಳು. ಚಿನಕುರಳಿ!

“ಯಾರನ್ನ ನೋಡೋಕೆ ಬಂದಿದ್ದೀಯೇ?” ಎಂದರು ದೊಡ್ಡ ಸಿಸ್ಟರ್, ಬೆನ್ನ ಹಿಂದೆ ನಿಂತು.

ಚಿನಕುರಳಿ ಬೆಚ್ಚಿಬಿದ್ದಳು. “ಅದೇ... ನಮ್ಮ ಚಿಕ್ಕಪ್ಪ ಒಬ್ರು... ಇದ್ದಾರೇನೋ ಅಂತ... ಇಲ್ವಂತೆ” ಎಂದವಳೇ ಹಣ್ಣನ್ನು ದೊಡ್ಡ ಸಿಸ್ಟರ ಕೈಗೆ ಕೊಟ್ಟು ಕಾಲಿಗೆ ಬುದ್ಧಿ ಹೇಳಿದಳು.

ದೊಡ್ಡ ಸಿಸ್ಟರ್ ನೇರ ಸಾಹೇಬರ ಕೋಣೆಗೆ ನುಗ್ಗಿದರು. “ಸಾರ್, ನೀವು ಹಾಕಿಸಿರೋದು ಬೋರ್ಡಲ್ಲ, ಅಂಗಡಿಯ ಗಾಜಿನ ಕಪಾಟು. ಒಳ್ಳೆ ಮಾಲು ಯಾವುದು ಅಂತ ದೀಪ ಹಾಕಿ ತೋರಿಸ್ತಿದ್ದೀರಿ. ಅವರು ಬಂದು ಆರಿಸ್ಕೊಂಡು ಹೋಗ್ತಿದ್ದಾರೆ.”

ಸಾಹೇಬರು ನಕ್ಕರು. “ನೆಗೆಟಿವ್ ಆಗಿ ಯೋಚಿಸ್ಬಾರ್ದು ಸಿಸ್ಟರ್.”

ದೊಡ್ಡ ಸಿಸ್ಟರ್ ಅಂದಿನಿಂದ ಪಾಸಿಟಿವ್ ಆಗಿ ಯೋಚಿಸತೊಡಗಿದರು. ಪುರುಷರ ವಾರ್ಡಿನಲ್ಲಿ ಕುಂಭಕರ್ಣಿ ಎಂಬ ಅಡ್ಡಹೆಸರಿನ ನರ್ಸೊಬ್ಬಳಿದ್ದಳು. ಹಾಸಿಗೆ ಖಾಲಿ ಇದ್ದರೆ ಹಾಸಿಗೆಯಲ್ಲಿ, ಇಲ್ಲದಿದ್ದರೆ ಗೋಡೆಗೆ ಒರಗಿ, ಗೋಡೆಯೂ ಸಿಗದಿದ್ದರೆ ನಿಂತಲ್ಲೇ ನಿದ್ದೆ ಮಾಡುವ ಕಲೆ ಅವಳಿಗೆ ಸಿದ್ಧಿಸಿತ್ತು. ಆಪರೇಷನ್ ಆದ ರೋಗಿಗಳೇ ಎದ್ದು ಬಂದು ಅವಳನ್ನು ಎಬ್ಬಿಸಿ ಮಾತ್ರೆ ಕೇಳಬೇಕಿತ್ತು. ಮುಂದಿನ ತಿಂಗಳ ತಾರೆ ಅವಳೇ. ‘ಎಂಥ ಒತ್ತಡದಲ್ಲೂ ಶಾಂತವಾಗಿರುವವಳು’ ಎಂದು ದೊಡ್ಡ ಸಿಸ್ಟರ್ ಫೋಟೋದ ಕೆಳಗೆ ಬರೆಸಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವಾರದೊಳಗೆ ಫೋನ್ ಬಂತು.

“ಅಕ್ಕಾ, ಹೇಗಿದ್ದಾಳೆ ಇವಳು?”

“ಬಂಗಾರ ಕಣೇ ಬಂಗಾರ. ದಯವಿಟ್ಟು ಇವಳೊಬ್ಬಳನ್ನ ನಂಗೆ ಬಿಟ್ಟುಬಿಡು” ಎಂದರು ದೊಡ್ಡ ಸಿಸ್ಟರ್. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರನ್ನು ಬಾಯಿ ತುಂಬ ಹೊಗಳಿದ್ದು ಅದು. ನಾಲಿಗೆಗೆ ಅಭ್ಯಾಸವಿಲ್ಲದೆ ಸ್ವಲ್ಪ ತೊದಲಿತು. ತೊದಲಿದ್ದನ್ನು ಚಿನಕುರಳಿ ದುಃಖ ಎಂದುಕೊಂಡಳು.

ಕುಂಭಕರ್ಣಿ ಆಕಳಿಸುತ್ತ ರಸ್ತೆ ದಾಟಿದಳು. ಅವಳ ಹಿಂದೆ ಇನ್ನೊಬ್ಬಳು ದಾಟಿದಳು, ವಾರ್ಡಿನಲ್ಲಿರುವ ಎಲ್ಲರಿಗೂ ಒಂದೇ ಬಿಪಿ ಬರೆಯುತ್ತಿದ್ದವಳು. ಎದ್ದು ಹೋಗಿ ಯಾರ ತೋಳಿಗೂ ಪಟ್ಟಿ ಕಟ್ಟುವ ತೊಂದರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೆ ರೋಗಿಗಳ ಸಂಬಂಧಿಕರ ಜೊತೆ ಜಗಳಕ್ಕೆ ಸೊಂಟ ಕಟ್ಟಿ ನಿಲ್ಲುತ್ತಿದ್ದವಳು ಹೋದಳು, ‘ಸಂವಹನದಲ್ಲಿ ನಿಪುಣೆ’ ಎಂಬ ಬಿರುದಿನೊಂದಿಗೆ. ಒಳ್ಳೆಯವರು ಇಲ್ಲೇ ಉಳಿದರು. ರೋಗಿಗಳ ದೂರು ಕಡಿಮೆಯಾಯಿತು. ಸಾಹೇಬರು ಇದಕ್ಕೆಲ್ಲ ತಮ್ಮ ಉಪನ್ಯಾಸವೇ ಕಾರಣ ಎಂದು ದೊಡ್ಡ ಡಾಕ್ಟರಿಗೆ ಪರದೆಯ ಮೇಲೆ ಬಣ್ಣಬಣ್ಣದ ಗೆರೆ ಎಳೆದು ತೋರಿಸಿದರು.

ದೊಡ್ಡ ಸಿಸ್ಟರ್ ಇಷ್ಟಕ್ಕೇ ನಿಲ್ಲಿಸಿದ್ದರೆ ಅವರಿಗೊಂದು ನಮಸ್ಕಾರ ಹಾಕಿ ಕಥೆ ಮುಗಿಸಬಹುದಿತ್ತು. ಆದರೆ ಕೆಟ್ಟವರನ್ನು ಹೊಗಳಿ ಸಾಗಹಾಕಿದವರಿಗೆ, ಒಳ್ಳೆಯವರನ್ನು ತೆಗಳಿ ಬಚ್ಚಿಡುವುದು ಇನ್ನೂ ಸುಲಭ ಎಂದು ಹೊಳೆಯಿತು. ಅವರಿಗೆ ಬಚ್ಚಿಡಬೇಕಾಗಿದ್ದದ್ದು ಒಬ್ಬಳನ್ನು.

ಅವಳು ನವಜಾತ ಶಿಶುಗಳ ವಾರ್ಡಿನವಳು. ಎಲ್ಲರೂ ಅವಳನ್ನು ಇರುವೆ ಎನ್ನುತ್ತಿದ್ದರು, ಏಕೆಂದರೆ ಸಣ್ಣಗಿದ್ದಳು ಮತ್ತು ಅವಳು ಕೂತದ್ದನ್ನು ಯಾರೂ ಕಂಡಿರಲಿಲ್ಲ. ತಾಯಿ ಇಲ್ಲ, ಅತ್ತೆಯ ಮನೆಯಲ್ಲಿ, ಅಂದರೆ ತಂದೆಯ ತಂಗಿಯ ಮನೆಯಲ್ಲಿ ಬೆಳೆದವಳು. ಅಲ್ಲಿ ಅವಳಿಗೆ ಊಟಕ್ಕೆ ಕೊರತೆಯಿರಲಿಲ್ಲ, ‘ನಿನ್ನ ಕೈಲಿ ಏನಾಗುತ್ತೆ’ ಎಂಬ ಮಾತಿಗೂ ಕೊರತೆಯಿರಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಕೈಯಲ್ಲಿ ನರ ಹುಡುಕುವುದು ಎಂಥ ಕಷ್ಟ ಎಂದು ಕಂಡವರಿಗೇ ಗೊತ್ತು. ಕೈಯೇ ಕಿರುಬೆರಳಿನಷ್ಟು, ಅದರೊಳಗಿನ ನರ ದಾರದ ಎಳೆಯಷ್ಟು. ಬೇರೆಯವರು ಮೂರು ನಾಲ್ಕು ಕಡೆ ಚುಚ್ಚಿ, ಮಗು ಅತ್ತು ನೀಲಿಗಟ್ಟಿ, ತಾವೂ ಬೆವೆತು ಕೂರುತ್ತಿದ್ದರು. ಇರುವೆ ಆ ಪುಟ್ಟ ಕೈಯನ್ನು ತನ್ನ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದಳು, ಕಣ್ಣು ಸಣ್ಣದು ಮಾಡಿ ನೋಡುತ್ತಿದ್ದಳು, ಅಳಬೇಕೋ ಬೇಡವೋ ಎಂದು ಮಗು ತೀರ್ಮಾನ ಮಾಡುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ದೊಡ್ಡ ಸಿಸ್ಟರಿಗೆ ಅವಳನ್ನು ತಬ್ಬಿಕೊಳ್ಳಬೇಕು ಎನ್ನಿಸಿತ್ತು. ‘ಪರವಾಗಿಲ್ಲ’ ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡಿದ್ದರು.

ಆ ವಾರ್ಡನ್ನು ಶುರುಮಾಡಿಸಿದ್ದು ದೊಡ್ಡ ಸಿಸ್ಟರೇ. ದೊಡ್ಡ ಡಾಕ್ಟರ ಬೆನ್ನು ಬಿದ್ದು, ಅವರ ಹೆಂಡತಿಯ ಬೆನ್ನೂ ಬಿದ್ದು, ಹಳೆಯ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ ಬೆಚ್ಚನೆಯ ಪೆಟ್ಟಿಗೆಗಳನ್ನು ಇಡಿಸಿದ್ದರು. ಮಕ್ಕಳ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದ್ದರು: “ಆ ಹುಡುಗಿ ಇರೋವರೆಗೆ ನಾನು ಇರ್ತೀನಿ. ಅವಳು ಹೋದ ದಿನ ವಾರ್ಡಿಗೆ ಬೀಗ ಹಾಕಿ ಕೀಲಿ ನಿಮಗೆ ಕೊಟ್ಟು ಹೋಗ್ತೀನಿ.” ಆಚೆ ಬದಿಯಲ್ಲೂ ಅಂಥದೇ ಒಂದು ವಾರ್ಡು ತೆರೆಯುತ್ತಾರೆ ಎಂಬ ಸುದ್ದಿ ಬಂದ ಮೇಲೆ ದೊಡ್ಡ ಸಿಸ್ಟರಿಗೆ ಊಟ ಸೇರಲಿಲ್ಲ. ಇರುವೆ ಹೋಗಬಾರದು. ಹೇಗಾದರೂ ಮಾಡಿ ಅವಳು ಹೋಗಬಾರದು.

ಅದಕ್ಕೆ ಅವರು ಹಿಡಿದ ದಾರಿ ಇದು. ಸಾಹೇಬರು ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬ ನರ್ಸನ್ನೂ ಎದುರು ನಿಲ್ಲಿಸಿಕೊಂಡು, “ಹೇಗಿದ್ದಾರೆ ಇವರು?” ಎಂದು ದೊಡ್ಡ ಸಿಸ್ಟರನ್ನು ಕೇಳುವ ಪದ್ಧತಿ ಇಟ್ಟಿದ್ದರು. ಇರುವೆಯ ಸರದಿ ಬಂದಾಗಲೆಲ್ಲ ದೊಡ್ಡ ಸಿಸ್ಟರ್ ತುಟಿ ಸೊಟ್ಟ ಮಾಡಿ, “ನಿಧಾನ ಸಾರ್. ಇನ್ನೂ ತುಂಬ ಕಲೀಬೇಕು” ಎನ್ನುತ್ತಿದ್ದರು. ಇರುವೆ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಬೋರ್ಡಿನ ಮೇಲೆ ಅವಳ ಫೋಟೋ ಏರುವ ಮಾತೇ ಇರಲಿಲ್ಲ. ಚಿನಕುರಳಿಯೂ ಒಮ್ಮೆ ಮೂಗು ತೂರಿಸಿದಳು.

“ಅಕ್ಕಾ, ನಿಮ್ಮ ಮಕ್ಕಳ ವಾರ್ಡಲ್ಲಿ ಒಬ್ಳು ಸಣ್ಣ ಹುಡುಗಿ ಇದ್ದಾಳಂತಲ್ಲ, ಹೇಗೆ?”

“ಅಯ್ಯೋ ಅವಳಾ? ಪಾಪದ ಹುಡುಗಿ. ಕೈ ನಡುಗುತ್ತೆ ಕಣೇ. ಯಾರಿಗೂ ಹೇಳ್ಬೇಡ.”

ಚಿನಕುರಳಿಗೆ ‘ಯಾರಿಗೂ ಹೇಳಬೇಡ’ ಎಂದರೆ ಏನಾಗುತ್ತದೆ ಎಂದು ದೊಡ್ಡ ಸಿಸ್ಟರಿಗೆ ಚೆನ್ನಾಗಿ ಗೊತ್ತಿತ್ತು. ಅಂದು ಸಂಜೆ ಅವರು ಮನೆಗೆ ಹೋಗುವಾಗ ಬಸ್ಸಿನಲ್ಲಿ ತಮ್ಮಷ್ಟಕ್ಕೆ ನಕ್ಕರು.

ಮನೆಯಲ್ಲಿ ಗಂಡ ಒಲೆಯ ಮುಂದೆ ನಿಂತಿದ್ದರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಂಡತಿಯ ಪಾಳಿಗಳಿಂದಾಗಿ ಮದುವೆಯಾದ ಲಾಗಾಯ್ತು ಅಡುಗೆಮನೆ ಅವರದೇ. ದೊಡ್ಡ ಸಿಸ್ಟರ್ ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಬಿಟ್ಟುಕೊಂಡು ತಮ್ಮ ಚಾಣಾಕ್ಷತನವನ್ನು ವರ್ಣಿಸಿದರು. ಗಂಡ ಕುಂಭಕರ್ಣಿಯ ಕಥೆಗೆ ಸೌಟು ಕೆಳಗಿಟ್ಟು ನಕ್ಕರು. ಇರುವೆಯ ಕಥೆಗೆ ನಗಲಿಲ್ಲ.

“ಆ ಹುಡುಗಿಗೆ ಗೊತ್ತಾ?” ಎಂದರು.

“ಏನು ಗೊತ್ತಾ?”

“ತಾನು ಚೆನ್ನಾಗಿ ಕೆಲಸ ಮಾಡ್ತೀನಿ ಅಂತ.”

“ಅದೊಂದು ಗೊತ್ತಾಗದೇ ಇರುತ್ತಾ? ಅವರವರ ಕೈ ಅವರವರಿಗೆ ಗೊತ್ತಿರುತ್ತಪ್ಪ.”

“ಹಾಗಾ? ನಾನು ಅಡುಗೆ ಚೆನ್ನಾಗಿ ಮಾಡ್ತೀನೋ ಇಲ್ವೋ ಅಂತ ನಂಗೇ ಇವತ್ತಿಗೂ ಗೊತ್ತಿಲ್ಲ.”

“ನಿನ್ನೆ ತಾನೇ ಪರವಾಗಿಲ್ಲ ಅಂದ್ನಲ್ಲ!” ಎಂದರು ದೊಡ್ಡ ಸಿಸ್ಟರ್ ಸಿಡುಕಿ. ಮೇಷ್ಟ್ರು ಒಲೆಯ ಕಡೆ ತಿರುಗಿಕೊಂಡರು.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ, ಇರುವೆ ದೊಡ್ಡ ಸಿಸ್ಟರ ಕೋಣೆಗೆ ಬಂದಳು. ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಮುರಿದ ಡ್ರಿಪ್ ಸ್ಟ್ಯಾಂಡು ಇಟ್ಟ ಇಕ್ಕಟ್ಟಿನ ಕೋಣೆ. ಕೂರು ಎಂದರೂ ಅವಳು ಕೂರಲಿಲ್ಲ.

“ಸಿಸ್ಟರ್, ನನ್ನನ್ನ ಕೆಳಗೆ ಟೋಕನ್ ಕೌಂಟರಿಗೆ ಹಾಕಿ.”

ದೊಡ್ಡ ಸಿಸ್ಟರಿಗೆ ಅರ್ಥವಾಗಲಿಲ್ಲ. ಟೋಕನ್ ಕೌಂಟರ್ ಎಂದರೆ ಬಂದ ರೋಗಿಗಳಿಗೆ ನಂಬರಿನ ಚೀಟಿ ಹರಿದು ಕೊಡುವ ಜಾಗ. ಸೊಂಟ ಹಿಡಿದ ನರ್ಸುಗಳನ್ನೋ, ಬಸುರಿಯರನ್ನೋ ಸ್ವಲ್ಪ ದಿನ ಅಲ್ಲಿ ಕೂರಿಸುತ್ತಿದ್ದರು.

“ಯಾಕೆ? ಹುಷಾರಿಲ್ವಾ?”

“ನಾನು ಮಕ್ಕಳ ಹತ್ರ ಇರಬಾರ್ದು ಸಿಸ್ಟರ್. ಏನಾದ್ರೂ ಆಗೋ ಮೊದ್ಲು ಹೋಗಿಬಿಡ್ತೀನಿ.” ಇರುವೆಯ ದನಿ ಸಣ್ಣದಾಯಿತು. “ನಿದ್ದೆ ಮಾಡೋ ಅವಳ ಫೋಟೋನೂ ಹಾಕಿದ್ರಿ. ಬಿಪಿ ನೋಡದೇ ಬರೆಯೋ ಅವಳ್ದೂ ಹಾಕಿದ್ರಿ. ಅವರಿಗಿಂತ್ಲೂ ನಾನು ಕಡೆ ಅಂದ್ರೆ, ನಂಗೆ ಗೊತ್ತಿಲ್ಲದ್ದು ಏನೋ ನಿಮಗೆ ಗೊತ್ತಿರ್ಬೇಕು ಅಂದ್ಕೊಂಡೆ. ಆಮೇಲೆ ಆಚೆ ಆಸ್ಪತ್ರೆಯ ಒಬ್ಳು ಬಸ್ಸಲ್ಲಿ ಸಿಕ್ಕಿ, ನಿನ್ನ ಕೈ ನಡುಗುತ್ತಂತಲ್ಲ, ಡಾಕ್ಟರಿಗೆ ತೋರಿಸಿದ್ಯಾ ಅಂತ ಕೇಳಿದ್ಲು. ಮೊದ್ಲು ನಡುಗ್ತಿರ್ಲಿಲ್ಲ ಸಿಸ್ಟರ್. ಆಣೆ ಮಾಡ್ತೀನಿ. ಈಗ ಸೂಜಿ ತಗೊಂಡ್ರೆ ಸಾಕು, ಮಗೂನ ನೋಡೋದು ಬಿಟ್ಟು ನನ್ನ ಕೈನೇ ನೋಡ್ಕೋತೀನಿ. ನಡುಗುತ್ತೆ. ಮೊನ್ನೆ ಒಂದು ಮಗೂಗೆ ಎರಡು ಸಲ ಚುಚ್ಚಿದೆ.”

ದೊಡ್ಡ ಸಿಸ್ಟರ್ ಇಷ್ಟು ವರ್ಷ ಬೈಗುಳದಿಂದ ಯಾರ ಕೈಯೂ ಕೆಡಲಿಲ್ಲ ಎಂದುಕೊಂಡಿದ್ದ ಹೆಂಗಸು. ಬೈಯುವುದೇ ಬೇರೆ, ಇದೇ ಬೇರೆ. ಇದು ಒಬ್ಬಳ ಕೈಯನ್ನು ಅವಳಿಗೆ ಗೊತ್ತಿಲ್ಲದಂತೆ ಕದ್ದುಕೊಂಡದ್ದು ಎಂದು ಅವರಿಗೆ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ ಮೇಲೆ ಕುರ್ಚಿಯಲ್ಲಿ ಕೂರುವುದು ಕಷ್ಟವಾಯಿತು. ಎದ್ದು ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿಬಿಟ್ಟರು. ಬೋರ್ಡಿನ ಕಥೆ, ಹಣ್ಣಿನ ಚೀಲದ ಕಥೆ, ತಾವು ಬೇಕೆಂದೇ ಹಬ್ಬಿಸಿದ ನಡುಗುವ ಕೈಯ ಕಥೆ. “ನಿನ್ನಂಥ ಕೈ ನಾನು ಕಂಡಿಲ್ಲ ಕಣೇ. ನೀನು ಹೋಗಿಬಿಡ್ತೀಯ ಅಂತ ಹೆದರಿ ಹೀಗೆ ಮಾಡಿದೆ” ಎಂದರು.

ಇರುವೆ ಅಳಲಿಲ್ಲ, ಕೂಗಾಡಲೂ ಇಲ್ಲ. ಕೂಗಾಡಿದ್ದರೆ ದೊಡ್ಡ ಸಿಸ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ. ಎಲ್ಲಿಗಾದ್ರೂ ಹೋಗ್ಬೇಕು ಅಂತ ಅನ್ಸೇ ಇರ್ಲಿಲ್ಲ” ಎಂದಳು ಕೊನೆಗೆ. “ಈಗ ಹೋಗ್ಬೇಕು. ಇಲ್ಲಿ ನೀವು ಏನೇ ಹೇಳಿದ್ರೂ, ಇದು ನಿಜಾನಾ ಲೆಕ್ಕಾಚಾರಾನಾ ಅಂತ ನಂಗೆ ಅನುಮಾನ ಬರುತ್ತೆ. ಆಚೆ ಮಕ್ಕಳ ವಾರ್ಡು ತೆಗೀತಿದ್ದಾರಂತೆ. ಅಲ್ಲಿಗೆ ಕಳ್ಸಿಕೊಡಿ. ಹೊಸ ಜಾಗದಲ್ಲಿ ನನ್ನ ಕೈ ಸರಿಹೋಗುತ್ತೆ.”

ದೊಡ್ಡ ಸಿಸ್ಟರ್ ಕಣ್ಣು ಮುಚ್ಚಿಕೊಂಡರು. ಕಣ್ಣ ಮುಂದೆ ಆ ವಾರ್ಡು ಬಂತು, ಬೆಚ್ಚನೆಯ ಪೆಟ್ಟಿಗೆಗಳು ಬಂದವು, ಮಕ್ಕಳ ಡಾಕ್ಟರ ಕೈಯಲ್ಲಿ ಬೀಗವೂ ಬಂತು. ಆದರೂ “ಆಗಲಿ” ಎಂದರು. ಅವರನ್ನು ಮೆಚ್ಚಬೇಕಾದ ಒಂದು ಸಂದರ್ಭ ಈ ಕಥೆಯಲ್ಲಿದ್ದರೆ ಅದು ಇದೇ, ಆದ್ದರಿಂದ ಇಲ್ಲೇ ಮೆಚ್ಚಿಬಿಡುವುದು ಒಳ್ಳೆಯದು.

ಇರುವೆ ಹೊರಗೆ ಹೋದ ಮೇಲೆ ಅವರು ತಾವಾಗಿಯೇ ಚಿನಕುರಳಿಗೆ ಫೋನ್ ಮಾಡಿದರು. “ನೋಡೇ, ನಮ್ಮ ಮಕ್ಕಳ ವಾರ್ಡಿನ ಹುಡುಗೀನ ನಿನ್ನ ಹತ್ರ ಕಳಿಸ್ತೀನಿ. ಕಣ್ಣು ಮುಚ್ಕೊಂಡು ತಗೋ. ಬಂಗಾರ.”

ಆ ಕಡೆಯಿಂದ ನಗು ಕೇಳಿಸಿತು. “ಅಕ್ಕಾ, ಸಾಕು ಬಿಡಿ” ಎಂದು ಚಿನಕುರಳಿ ಫೋನ್ ಇಟ್ಟುಬಿಟ್ಟಳು.

ದೊಡ್ಡ ಸಿಸ್ಟರ್ ಬಿಡುವ ಪೈಕಿ ಅಲ್ಲ. ರಬ್ಬರ್ ಚಪ್ಪಲಿಯಲ್ಲೇ ಹೊರಟು, ತಮ್ಮ ನರ್ಸುಗಳೆಲ್ಲ ತುಳಿದು ಸವೆಸಿದ್ದ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟು ಮೊದಲ ಸಲ ರಸ್ತೆ ದಾಟಿದರು. ಗಾಜಿನ ಬಾಗಿಲು ತಾನಾಗಿ ತೆರೆಯಿತು. ಒಳಗೆ ಹೋಗುತ್ತಿದ್ದಂತೆ ಎಡಗಡೆ ಒಬ್ಬಳು ಎದ್ದು ನಿಂತಳು, ಬಲಗಡೆ ಇನ್ನೊಬ್ಬಳು ಫೋನನ್ನು ಜೇಬಿಗೆ ತುರುಕಿದಳು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಅವರೇ ಬೈದು ಬೆಳೆಸಿದವರು. ಒಂದು ಸೋಫಾದ ಮೇಲೆ ಕುಂಭಕರ್ಣಿ ಮಾತ್ರ ಏಳಲಿಲ್ಲ, ಅವಳು ನಿದ್ದೆಯಲ್ಲಿದ್ದಳು.

ಚಿನಕುರಳಿ ಗಾಜಿನ ಕೋಣೆಯಲ್ಲಿ ಕುರ್ಚಿ ಎಳೆದು ಕೂರಿಸಿದಳು, ಕಾಫಿ ತರಿಸಿದಳು. ಗೌರವಕ್ಕೇನೂ ಕಡಿಮೆ ಮಾಡಲಿಲ್ಲ.

“ಅಕ್ಕಾ, ನೀವು ಹೊಗಳಿ ಕಳಿಸಿದವರನ್ನೆಲ್ಲ ತಗೊಂಡು ನಮ್ಮ ಎರಡನೇ ಮಹಡಿ ಹಳ್ಳ ಹಿಡಿದಿದೆ. ಒಬ್ಳು ಮಲಗ್ತಾಳೆ, ಒಬ್ಳು ಜಗಳ ಆಡ್ತಾಳೆ, ಇನ್ನೊಬ್ಳು ಸತ್ತವರಿಗೂ ನಾರ್ಮಲ್ ಬಿಪಿ ಬರೆದಿಟ್ಲು. ನಮ್ಮ ಡೈರೆಕ್ಟರು ನನ್ನ ಕರೆದು ನೀರಿಳಿಸಿದ್ರು. ಈಗ ಇಲ್ಲಿ ಒಂದು ನಿಯಮ ಆಗಿದೆ. ಆ ಕಡೆಯ ದೊಡ್ಡ ಸಿಸ್ಟರ್ ಹೊಗಳಿದವರನ್ನ ತಗೋಬಾರ್ದು.”

“ಇವಳು ಹಾಗಲ್ಲ. ಇವಳು ನಿಜವಾಗ್ಲೂ...”

“ಫೋನಲ್ಲಿ ಹೊಗಳಿದವರೇ ಹಾಗಿದ್ರು. ಇವಳಿಗೆ ನೀವೇ ಎದ್ದು ರಸ್ತೆ ದಾಟಿ ಬಂದಿದ್ದೀರಿ ಅಂದ್ರೆ ಇವಳು ಇನ್ನೆಂಥವಳಿರ್ಬೇಕು?” ಚಿನಕುರಳಿ ಕಣ್ಣು ಒರೆಸಿಕೊಂಡಳು, ನಕ್ಕು ನಕ್ಕು ನೀರು ಬಂದಿತ್ತು. “ಅಲ್ದೇ ಕೈ ನಡುಗುತ್ತೆ ಅಂತ ನೀವೇ ಹೇಳಿದ್ರಲ್ಲ?”

“ಸುಳ್ಳು ಹೇಳಿದ್ದೆ ಕಣೇ.”

“ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?”

“ಹಾಗಾದ್ರೆ ಕೂರಿಸಿ ಪರೀಕ್ಷೆ ಮಾಡಿ ನೋಡು. ನೀನೇ ನೋಡು.”

ಚಿನಕುರಳಿಯ ನಗು ನಿಂತಿತು. “ಕೈ ನಡುಗುತ್ತೆ ಅಂತ ಊರೆಲ್ಲ ಗೊತ್ತಿರೋಳ ಕೈಗೆ, ಪರೀಕ್ಷೆ ಮಾಡೋಕೆ ಅಂತ ಯಾರ ಮಗೂನ ಕೊಡ್ಲಿ ಅಕ್ಕಾ? ನೀವಾಗಿದ್ರೆ ಕೊಡ್ತಿದ್ರಾ?”

ಕೊಡುತ್ತಿರಲಿಲ್ಲ. ಅಂಥ ಹುಡುಗಿಯನ್ನು ಬಾಗಿಲಿಂದಾಚೆಯೇ ನಿಲ್ಲಿಸಬೇಕು ಎಂದು ಚಿನಕುರಳಿಗೆ ಕಲಿಸಿದ್ದೂ ದೊಡ್ಡ ಸಿಸ್ಟರೇ. ಕಾಫಿ ಆರಿಹೋಯಿತು. ಅವರು ಅದನ್ನು ಹಾಗೇ ಬಿಟ್ಟು ಎದ್ದು ಬಂದರು.

ಇರುವೆ ತಾನಾಗಿ ಒಮ್ಮೆ ಆಚೆಗೆ ಹೋಗಿ ಕೇಳಿ ಬಂದಳು. ಚಿನಕುರಳಿಗೆ ಮುಚ್ಚಿಟ್ಟು ಮಾತಾಡಿ ಗೊತ್ತಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿ ಕಳಿಸಿದಳು. ಮರುದಿನ ಇರುವೆ ದೊಡ್ಡ ಸಿಸ್ಟರ ಹತ್ತಿರ ಬರಲಿಲ್ಲ, ನೇರ ಸಾಹೇಬರ ಹತ್ತಿರ ಹೋಗಿ ಟೋಕನ್ ಕೌಂಟರ್ ಕೇಳಿದಳು. ಸಾಹೇಬರು ಖುಷಿಯಾಗಿ ಕೊಟ್ಟರು. ಹೇಗೂ ನಿಧಾನದ ಹುಡುಗಿ, ಚೀಟಿ ಹರಿಯುವುದಕ್ಕೆ ಸರಿಯಾಗಿದ್ದಾಳೆ. ಮಕ್ಕಳ ಡಾಕ್ಟರು ಕೊಟ್ಟ ಮಾತಿಗೆ ತಪ್ಪಲಿಲ್ಲ. ವಾರ್ಡಿಗೆ ಬೀಗ ಬಿತ್ತು, ಬೆಚ್ಚನೆಯ ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸಿದರು, ಆಚೆಯ ವಾರ್ಡು ಇನ್ನೂ ತೆರೆದಿರಲಿಲ್ಲವಾದ್ದರಿಂದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ಬೇರೆ ಊರಿನ ಆಸ್ಪತ್ರೆಗೆ ಕಳಿಸತೊಡಗಿದರು. ಆ ತಿಂಗಳ ಸಭೆಯಲ್ಲಿ ಸಾಹೇಬರು ಎದ್ದು ನಿಂತು, ಈ ಸಲ ಒಬ್ಬ ನರ್ಸೂ ಕೆಲಸ ಬಿಟ್ಟು ಹೋಗಿಲ್ಲ, ಆಚೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳು ಕೂಡ ನಮ್ಮಲ್ಲಿಗೇ ವಾಪಸ್ಸು ಬಂದಿದ್ದಾಳೆ, ನಿಷ್ಠೆ ಎಂದರೆ ಇದು ಎಂದು ಘೋಷಿಸಿದರು. ದೊಡ್ಡ ಡಾಕ್ಟರು ಚಪ್ಪಾಳೆ ತಟ್ಟಿದರು. ದೊಡ್ಡ ಸಿಸ್ಟರ್ ಕೂಡ ತಟ್ಟಬೇಕಾಯಿತು.

ಕೌಂಟರ್ ಇರುವುದು ಮುಖ್ಯ ಬಾಗಿಲ ಎದುರಿಗೆ. ದೊಡ್ಡ ಸಿಸ್ಟರ್ ಎಷ್ಟೋ ದಿನ ಹಿಂದಿನ ಬಾಗಿಲಿನಿಂದ ಬಂದು ಹೋದರು. ಕೊನೆಗೆ ಒಂದು ಬೆಳಿಗ್ಗೆ ಧೈರ್ಯ ಮಾಡಿ, ಜನರ ಸಾಲಿನಲ್ಲೇ ನಿಂತು, ಕಿಂಡಿಯವರೆಗೆ ಬಂದರು. ಕಿಂಡಿಯ ಆ ಕಡೆ ಇರುವೆ ಕೂತಿದ್ದಳು. ಅವಳು ಕೂತದ್ದನ್ನು ದೊಡ್ಡ ಸಿಸ್ಟರ್ ನೋಡಿದ್ದು ಅದೇ ಮೊದಲು. ಚೀಟಿ ಹರಿಯುವ ಬೆರಳುಗಳು ಒಂಚೂರೂ ಅಲುಗುತ್ತಿರಲಿಲ್ಲ.

“ವಾಪಸ್ ಬಾರೇ. ಬೀಗ ತೆಗಿಸ್ತೀನಿ. ಮಕ್ಕಳ ಡಾಕ್ಟರನ್ನ ಕಾಲು ಹಿಡಿದಾದ್ರೂ ಕರೆಸ್ತೀನಿ. ನಾನು ಆಚೆಗೆ ಹೋಗಿ ನಿನ್ನ ಬಗ್ಗೆ ಎಷ್ಟು ಚೆನ್ನಾಗಿ ಹೇಳಿ ಬಂದೆ ಗೊತ್ತಾ?”

“ಗೊತ್ತು. ಅದಕ್ಕೇ ಅವರು ತಗೊಳ್ಲಿಲ್ಲ” ಎಂದಳು ಇರುವೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಇಷ್ಟು ದಿನ ಎಲ್ಲರ ಎದುರಿಗೂ ನನ್ನ ಬಗ್ಗೆ ಕೆಟ್ಟದಾಗೇ ಹೇಳ್ಕೊಂಡು ಬಂದ್ರಿ ಸಿಸ್ಟರ್. ಅವತ್ತೊಂದಿನ, ನಂಗೆ ಬೇಕಾಗಿದ್ದ ದಿನ, ಅದೇ ಒಂದು ಕೆಟ್ಟ ಮಾತು ಹೇಳಿಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ದೊಡ್ಡ ಸಿಸ್ಟರ ಕಣ್ಣು ತುಂಬಿಕೊಂಡಿತು, ಕನ್ನಡಕ ಹುಡುಕಿದರು, ಅದು ಎದೆಯ ಮೇಲೇ ನೇತಾಡುತ್ತಿತ್ತು.

“ಸ್ವಲ್ಪ ಪಕ್ಕಕ್ಕೆ ಬನ್ನಿ ಸಿಸ್ಟರ್” ಎಂದಳು ಇರುವೆ. “ಹಿಂದೆ ಜನ ನಿಂತಿದ್ದಾರೆ.”